ಉಪ್ಪುನೀರಿನಲ್ಲಿ ತೇಲಿದ ಮೊಟ್ಟೆ

ಆವತ್ತು ಬೆಳಿಗ್ಗೆ ದುದ್ದ ಊರಿನ ಮೇಲೆ ದಟ್ಟ ಮಂಜು ಇಳಿದಿತ್ತು. ಅಂಗಳದಲ್ಲಿ ನಿಂತ ಶೋಭಿತಾಗೆ ಎದುರುಮನೆ ಸೋಮಮ್ಮನ ಕೋಳಿಗಳ ಕೂಗು ಕೇಳುತ್ತಿತ್ತು, ಕೋಳಿಗಳು ಮಾತ್ರ ಕಾಣುತ್ತಿರಲಿಲ್ಲ.

ಒಳಗೆ ಅಕ್ಕ ಹೇಮಶ್ರೀ ಪುಸ್ತಕದ ಬ್ಯಾಗನ್ನು ಅಟ್ಟಕ್ಕೆ ಎಸೆದಳು.

“ಇನ್ಮೇಲೆ ವಿ.ಸಿ. ಫಾರಂ ಕೃಷಿ ಕಾಲೇಜಿಗೆ ಓಗಕಿಲ್ಲ ಕಣಜ್ಜಿ. ಡಾಕ್ಟ್ರು ಓದ್ಬೇಕಿತ್ತು, ಸೀಟು ಸಿಗ್ನಿಲ್ಲ. ಈ ಮಣ್ಣು, ಗೊಬ್ಬರ ಸಾಕಾಯ್ತು.”

ಶೋಭಿತಾ ಒಳಗೆ ಬಂದಳು. ಸೋಮಮ್ಮನ ಮೊಮ್ಮಗ ಪ್ರೀತಂ, “ನಿಮ್ಮಕ್ಕ ಮಣ್ಣು ಡಾಕ್ಟ್ರಾ?” ಎಂದು ಕ್ಲಾಸನ್ನೆಲ್ಲ ನಗಿಸಿದ್ದ. ಅದನ್ನು ನಿನ್ನೆ ಅಕ್ಕನಿಗೆ ಹೇಳಿದವಳು ತಾನೇ.

ಅಜ್ಜಿ ಬಿತ್ತನೆ ಭತ್ತಕ್ಕೆ ಕೈ ಮುಗಿದಳು. “ಓದ್ಸಲ ಅರ್ಧ ಮೊಳೀಲೇ ಇಲ್ಲ. ಈ ಸಲ ದೇವ್ರೇ ಕಾಯ್ಬೇಕು.”

“ಅಕ್ಕಾ, ನಿಮ್ಮ ಕಾಲೇಜಲ್ಲಿ ಇದಕ್ಕೇನು ಮಾಡ್ತಾರೆ?”

“ಉಪ್ಪುನೀರು, ಒಂದು ಮೊಟ್ಟೆ. ನಂಗ್ಯಾಕೆ, ಬುಡು.”

ಶೋಭಿತಾ ಆಗಲೇ ಮೊಟ್ಟೆ ಕೇಳಲು ಎದುರುಮನೆಗೆ ಓಡಿದ್ದಳು. “ಭತ್ತಕ್ಕೆ ಮೊಟ್ಟೆನಾ?” ಸೋಮಮ್ಮ ನಕ್ಕಳು. “ಒಡೀಬ್ಯಾಡ ಕಣಮ್ಮಿ. ವಾಪಸ್ ಬರ್ಬೇಕು.”

ಬಕೆಟ್ಟಿನಲ್ಲಿ ಮೊಟ್ಟೆ ಮುಳುಗಿತು. ಅಕ್ಕ ಗೊಣಗುತ್ತಲೇ ಎದ್ದುಬಂದು ಹಿಡಿಹಿಡಿ ಉಪ್ಪು ಕದಡಿದಳು. “ಬೀಜಕ್ಕೆ ಉಪ್ಪೇನೇ!” ಎಂದಳು ಅಜ್ಜಿ. ಮೊಟ್ಟೆ ಮೆಲ್ಲಗೆ ಮೇಲೆದ್ದು ನೆತ್ತಿ ತೋರಿಸಿತು. “ಮೊಟ್ಟೆ ತೇಲ್ತು, ಉಪ್ಪು ಸಾಕು,” ಎಂದಳು ಅಕ್ಕ. ಅದನ್ನು ತೆಗೆದಿಟ್ಟು ಭತ್ತ ಸುರಿದರೆ, ಜೊಳ್ಳೆಲ್ಲ ತೇಲಿತು.

ತಳದ ಗಟ್ಟಿ ಬೀಜವನ್ನು ಶೋಭಿತಾ ಗೋಣಿಗೆ ತುಂಬಹೊರಟಳು.

“ಲೇ, ಮೊದ್ಲು ತೊಳಿ! ಉಪ್ಪು ಉಳುದ್ರೆ ಮೊಳಕೆ ಸತ್ತೋಯ್ತದೆ!” ಅಕ್ಕನ ದನಿಯಲ್ಲಿ ಗಾಬರಿಯಿತ್ತು.

ತೊಳೆದು, ನೆನೆಸಿ, ಗೋಣಿಯಲ್ಲಿ ಕಟ್ಟಿ ಹುಲ್ಲು ಹೊದಿಸಿದರು. ಅಕ್ಕ ಮತ್ತೆಮತ್ತೆ ಹೋಗಿ ಗೋಣಿಯೊಳಗೆ ಕೈಯಿಟ್ಟು ಬಿಸಿ ನೋಡುತ್ತಿದ್ದಳು. ಮಗುವಿನ ಜ್ವರ ನೋಡುವಂತೆ. ಶೋಭಿತಾ ಕಂಬಕ್ಕೊರಗಿ ಆ ಕೈಯನ್ನೇ ನೋಡಿದಳು.

ಎರಡು ದಿನ ಕಳೆದು ಗಂಟು ಬಿಚ್ಚಿದಾಗ ಗೋಣಿಯ ತುಂಬ ಬೆಳ್ಳನೆಯ ಮೊಳಕೆ! “ಅಜ್ಜೀ, ಬಾ ನೋಡು!” ಎಂದು ಅಕ್ಕ ಕೂಗಿದ ಕೂಗು ಬೀದಿಗೆಲ್ಲ ಕೇಳಿತು. ಅಜ್ಜಿ ಬೀಜಕ್ಕೂ ಮೊಮ್ಮಗಳಿಗೂ ಒಟ್ಟಿಗೇ ದೃಷ್ಟಿ ತೆಗೆದಳು.

ಪ್ರೀತಂ ತಲೆಯ ಮೇಲೆ ಭತ್ತ ಹೊತ್ತು ಬಂದ. “ಡಾಕ್ಟ್ರಕ್ಕಾ, ನಮ್ಮ ಬೀಜನೂ ನೋಡ್ತೀಯಾ?” ಈ ಸಲ ಅವನು ನಗಲಿಲ್ಲ. ನಕ್ಕವಳು ಅಕ್ಕ.

“ಬೇಗ ತತ್ತಾ. ಹನ್ನೊಂದರ ಬಸ್ಸಿಗೆ ಓಗ್ಬೇಕು, ಮಧ್ಯಾಹ್ನ ಪ್ರಾಕ್ಟಿಕಲ್ ಅದೆ.”

ಶೋಭಿತಾ ಅಟ್ಟದತ್ತ ನೋಡಿದಳು. ಅದು ಖಾಲಿ. ಬ್ಯಾಗು ಬಾಗಿಲ ಬಳಿ ಕೂತಿತ್ತು.

ಅವಳು ಪ್ರೀತಂನ ಭತ್ತದ ಕೆಲಸವೂ ಮುಗಿದ ಮೇಲೆ ಮೊಟ್ಟೆಯನ್ನು ತೊಳೆದು, ಲಂಗದಲ್ಲಿ ಒರೆಸಿ, ಬೀದಿ ದಾಟಿ ಸೋಮಮ್ಮನ ಅಂಗೈಯಲ್ಲಿ ಮೆಲ್ಲಗೆ ಇಟ್ಟಳು.