ಎರಡನೇ ಬಟನ್ನಿನಲ್ಲಿ ಅಪ್ಪ

“ನನ್ನ ಅಪ್ಪ ಎಲ್ಲಿ?”

ಅವಳು ಕಾರಿನ ಬಾಗಿಲು ತೆರೆದಿಟ್ಟು, ಚಾಲಕನ ಸೀಟಿನಲ್ಲಿ ಕೂತು, ಎರಡನೇ ಬಟನ್ನನ್ನು ಹನ್ನೊಂದನೇ ಸಲ ಒತ್ತುತ್ತಾ ಕೇಳಿದಳು. ಸರ್ವಿಸ್ ಸೆಂಟರಿನಲ್ಲಿದ್ದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಇತ್ತ ತಿರುಗಿದರು.

ಎದುರಿಗೆ ನಿಂತಿದ್ದ ಬ್ಯಾಟರಿ ಮೆಕ್ಯಾನಿಕ್‌ಗೆ ಏನೂ ಅರ್ಥವಾಗಲಿಲ್ಲ. ಪಾಪ, ಬಗ್ಗಿ ಹಿಂದಿನ ಸೀಟನ್ನೂ ಒಮ್ಮೆ ನೋಡಿದ.

ಎರಡನೇ ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ ಎಂದು ಅವಳು ಹೇಳಿದ ಮೇಲೆ ಅವನ ಮುಖ ತಿಳಿಯಾಯಿತು.

“ಓ, ಸೀಟಿನ ಸೆಟ್ಟಿಂಗಾ? ಹೊಸ ಸಾಫ್ಟ್‌ವೇರ್ ಹಾಕಿದಾಗ ಹಳೇದೆಲ್ಲ ಅಳಿಸಿ ಹೋಗುತ್ತೆ ಮೇಡಂ. ಐದು ನಿಮಿಷ ಕೊಡಿ, ಹೊಸದು ಮಾಡ್ಕೊಡ್ತೀನಿ.”

ಐದು ನಿಮಿಷ...

ಅವಳು ಕಾಲು ಒಳಗೆಳೆದುಕೊಂಡಳು. ಬಾಗಿಲು ದಡಾರನೆ ಎಳೆದುಕೊಂಡು ಕಾರು ಹೊರಡಿಸಿಯೇ ಬಿಟ್ಟಳು.

ಅವಳ ಅಪ್ಪ ಆರಡಿ ಮೂರು ಇಂಚಿನ ಆಳು. ಜೀವನಪೂರ್ತಿ ಬೇರೆಯವರ ಲಾರಿ, ಬಸ್ಸು ಓಡಿಸುತ್ತಾ ಮೊಣಕಾಲು ಮಡಚಿಕೊಂಡು ಕೂತವರು. ಕನ್ನಡಕದ ಅಂಗಡಿ ಇಟ್ಟಿದ್ದ ಮಗಳು ಈ ಎಲೆಕ್ಟ್ರಿಕ್ ಕಾರು ಕೊಂಡ ದಿನ ಅವರು ಸೀಟನ್ನು ಹಿಂದೆ, ಹಿಂದೆ, ಇನ್ನೂ ಹಿಂದೆ ಸರಿಸಿ, ಕಾಲು ಚಾಚಿ, “ಇದಪ್ಪಾ ಕಾರು ಅಂದ್ರೆ” ಎಂದು ಕಣ್ಣು ಮುಚ್ಚಿದ್ದರು. ಆ ಅಳತೆಯನ್ನು ಅವಳು ಎರಡನೇ ಬಟನ್ನಿಗೆ ಸೇರಿಸಿಟ್ಟಳು. ಒಂದನೇ ಬಟನ್ ಅವಳದು.

ಅಪ್ಪ ಹೋಗಿ ಎಂಟು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಇಳಿಯುವ ಮೊದಲು ಅವಳು ಎರಡನೆಯದನ್ನು ಒತ್ತುತ್ತಿದ್ದಳು. ಸೀಟು ಮೆಲ್ಲಗೆ ಗುಂಯ್‌ಗುಡುತ್ತಾ ಹಿಂದೆ ಹೋಗುತ್ತಿತ್ತು, ಕೆಳಗಿಳಿಯುತ್ತಿತ್ತು, ಕನ್ನಡಿ ಮೇಲಕ್ಕೆ ಓರೆಯಾಗುತ್ತಿತ್ತು. ಅವಳ ಪಾದ ಬ್ರೇಕಿಗೆ ಎಟುಕುತ್ತಿರಲಿಲ್ಲ. ಒಂದು ನಿಮಿಷ ಹಾಗೇ ಕೂತು, ಒಂದನೆಯದನ್ನು ಒತ್ತಿ, ಕಣ್ಣೊರೆಸಿಕೊಂಡು ಅಂಗಡಿ ತೆರೆಯುತ್ತಿದ್ದಳು. ಈ ವಿಷಯ ಮನೆಯಲ್ಲಿ ಜೊತೆಗಿದ್ದ ಸೋದರತ್ತೆಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬಂತು ಕಾರಿನ ಕಂಪನಿಯ ಪ್ರಕಟಣೆ. ಕೆಲವು ಬ್ಯಾಟರಿಗಳಲ್ಲಿ ಒಂದು ಸೆಲ್ ಕಾದರೆ ಅದರ ಬಿಸಿ ಪಕ್ಕದ್ದಕ್ಕೆ ಹಾರುವ ಅಪಾಯವಿದೆ. ಎಲ್ಲರ ಬ್ಯಾಟರಿಯನ್ನೂ ಬಿಚ್ಚಿ, ಸೆಲ್ಲುಗಳ ನಡುವೆ ಹೊಸ ತಡೆಹಾಳೆ ಇಟ್ಟು, ಬಿಸಿಯ ಮೇಲೆ ಕಣ್ಣಿಡಲು ಹೊಸ ಸಾಫ್ಟ್‌ವೇರ್ ಹಾಕಿಕೊಡುತ್ತೇವೆ. ಅಲ್ಲಿಯವರೆಗೆ ಮುಕ್ಕಾಲು ಭಾಗ ಮಾತ್ರ ಚಾರ್ಜ್ ಮಾಡಿ, ಮನೆಯಿಂದ ದೂರ ನಿಲ್ಲಿಸಿ.

ಫೋನಿನಲ್ಲಿದ್ದ ಕಾರು ಮಾಲೀಕರ ಗುಂಪು ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ದಿನಕ್ಕೆ ಐನೂರು ಸಂದೇಶ. ನಿವೃತ್ತ ಮೇಷ್ಟ್ರೊಬ್ಬರು ಕಂಪನಿಯ ಪತ್ರಕ್ಕೆ ಕೆಂಪು ಶಾಯಿಯಲ್ಲಿ ತಿದ್ದುಪಡಿ ಹಾಕಿ ಫೋಟೋ ಕಳಿಸಿದರು. ಟ್ಯಾಕ್ಸಿಯವನೊಬ್ಬ, ಮುಕ್ಕಾಲು ಚಾರ್ಜಿನಲ್ಲಿ ಮುಕ್ಕಾಲು ಊಟ ಮಾಡಬೇಕಾ ಎಂದು ಕೇಳಿದ. ಎಲ್ಲರ ಪರವಾಗಿ ಕಂಪನಿಗೆ ಖಾರವಾಗಿ ಬರೆಯುತ್ತಿದ್ದವಳು ಇವಳೇ. ಗುಂಪಿನಲ್ಲಿ ಅವಳ ಹೆಸರು ‘ಅಡ್ಮಿನ್ ಅಕ್ಕ’.

ಕಾರು ಬಿಡಲು ಹೋದ ದಿನವೂ ಅವಳು ಆ ಸಂದೇಶಗಳಿಗೆ ಉತ್ತರ ಬರೆಯುವುದರಲ್ಲೇ ಮುಳುಗಿದ್ದಳು. ಮೆಕ್ಯಾನಿಕ್ ಮುಂದಿಟ್ಟ ಹಾಳೆಯಲ್ಲಿ, ಉಳಿಸಿಕೊಳ್ಳಬೇಕಾದ ಸೆಟ್ಟಿಂಗ್ ಇದ್ದರೆ ಬರೆಯಿರಿ ಎಂಬ ಸಾಲಿತ್ತು. ಊರಿನವರ ಕಣ್ಣು ಪರೀಕ್ಷಿಸುವ ನಮ್ಮ ಅಕ್ಕ ಅದನ್ನು ಓದದೇ ಸಹಿ ಹಾಕಿದ್ದಳು!

ಆ ಸಂಜೆ ಮನೆಯ ಮುಂದೆ ಕೂತು ಅವಳೇ ಸೀಟು ಸರಿಸಿ ನೋಡಿದಳು. ಸ್ವಲ್ಪ ಹಿಂದೆ... ಇಲ್ಲ, ಸ್ವಲ್ಪ ಮುಂದೆ. ಎಷ್ಟು ಸರಿಸಿದರೂ ಅದು ಬರೀ ಸೀಟು. ಅಪ್ಪ ಬರಲಿಲ್ಲ. ಇನ್ನು ಬರುವುದೇ ಇಲ್ಲವೇನೋ ಅನ್ನಿಸಿತು.

ಕೋಪದ ಕೈಗೆ ಬುದ್ಧಿ ಕೊಟ್ಟು ಗುಂಪಿನಲ್ಲಿ ಬರೆದಳು: ‘ಸುರಕ್ಷತೆ ಅಂತ ಕಾರು ತೆಗೆದುಕೊಂಡು, ಅದರಲ್ಲಿದ್ದ ಜೀವ ಕಿತ್ತು ವಾಪಸ್ ಕೊಟ್ಟರು. ಅಲ್ಲಿನ ಬ್ಯಾಟರಿ ಮೆಕ್ಯಾನಿಕ್‌ಗೆ ಮನುಷ್ಯರ ಮನಸ್ಸು ಗೊತ್ತಿಲ್ಲ. ಅವನ ಕೈಗೆ ಕಾರು ಕೊಡಬೇಡಿ.’

ಮರುದಿನವೇ ಹನ್ನೆರಡು ಮಾಲೀಕರು ಫೋನ್ ಮಾಡಿ, ನಮ್ಮ ಕಾರನ್ನು ಅವನು ಮುಟ್ಟಬಾರದು ಎಂದರು. ಮ್ಯಾನೇಜರ್ ಅವನನ್ನು ಕಾರುಗಳ ಕೆಲಸದಿಂದಲೇ ತೆಗೆದ. ವಿಷಯ ಗುಂಪಿಗೆ ಬಂದಾಗ ಎಲ್ಲರೂ ಚಪ್ಪಾಳೆಯ ಚಿತ್ರ ಹಾಕಿದರು. ಅವಳಿಗೆ ಯಾಕೋ ಖುಷಿಯಾಗಲಿಲ್ಲ.

“ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು” ಎಂದಳು ಅವಳಿಂದ ವಿಷಯ ಕೇಳಿದ ಸೋದರತ್ತೆ, ಬಟ್ಟೆ ಮಡಚುತ್ತಾ.

ಆ ವಾರ ಸರ್ವಿಸ್ ಸೆಂಟರಿನ ನಂಬರಿನಿಂದ ಮೂರು ಸಲ ಕರೆ ಬಂತು. ನಮ್ಮ ಸೇವೆಗೆ ಎಷ್ಟು ಅಂಕ ಕೊಡ್ತೀರಿ ಅಂತ ಕೇಳೋಕೇ ಇರಬೇಕು ಎಂದುಕೊಂಡು ಅವಳು ಮೂರನ್ನೂ ಕತ್ತರಿಸಿದಳು.

ಭಾನುವಾರ ಬೆಳಿಗ್ಗೆ ಕಂಪನಿಯವರು ಮಾಲೀಕರನ್ನೆಲ್ಲ ತಮ್ಮ ಬ್ಯಾಟರಿ ಪರೀಕ್ಷಾಲಯಕ್ಕೆ ಕರೆದಿದ್ದರು. ಒಂದಿಷ್ಟು ಬಿಸಿಬಿಸಿ ಪ್ರಶ್ನೆ ಬರೆದುಕೊಂಡು ಅವಳೂ ಹೋದಳು. ದಪ್ಪ ಗಾಜಿನ ಗೋಡೆಯ ಪಕ್ಕ, ತೋರಿಸಿ ವಿವರಿಸುವ ಕೆಲಸಕ್ಕೆ ನಿಂತಿದ್ದವನು ಅದೇ ಮೆಕ್ಯಾನಿಕ್. ಕಾರಿನ ಕೆಲಸ ತಪ್ಪಿದವನನ್ನು ಇಲ್ಲಿಗೆ ಹಾಕಿದ್ದರು.

ಅವಳ ಹೆಜ್ಜೆ ತಡವರಿಸಿತು. ಅವನು ನೋಡಿದ. ಸುಮ್ಮನೆ ತಲೆಬಾಗಿದ.

ಮುಕ್ಕಾಲಿಗಿಂತ ಹೆಚ್ಚು ಚಾರ್ಜ್ ಮಾಡಿದವರು ಎಷ್ಟು ಜನ ಎಂದು ಅವನು ಮೊದಲು ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ಟ್ಯಾಕ್ಸಿಯವನು, ತಾನು ಮಾತ್ರ ಮಾಡಿಲ್ಲ ಎಂದು ಯಾರೂ ತನ್ನತ್ತ ನೋಡದಿದ್ದರೂ ಹೇಳಿದ. ಎಲ್ಲರೂ ನಕ್ಕರು.

ಆಮೇಲೆ ಯಾರೂ ನಗಲಿಲ್ಲ.

ಗಾಜಿನಾಚೆ ತೆರೆದಿಟ್ಟ ಬ್ಯಾಟರಿಯೊಂದಿತ್ತು. ಬೆಳ್ಳಿ ಬಣ್ಣದ ತೆಳುವಾದ ಪೊಟ್ಟಣಗಳಂಥ ನೂರಾರು ಸೆಲ್ಲುಗಳು, ಕಪಾಟಿನ ಪುಸ್ತಕಗಳಂತೆ ಒಂದಕ್ಕೊಂದು ಒತ್ತಿ ನಿಂತಿದ್ದವು. ಇಷ್ಟು ದಿನ ಇದರ ಮೇಲೆ ಕೂತು ಓಡಾಡಿದ್ದೆವಾ ಎಂದು ಜನ ಮುಂದೆ ಬಂದು ಗಾಜಿಗೆ ಮುಖ ಒತ್ತಿದರು. ಅವಳೂ ಒತ್ತಿದಳು.

ಅವನು ಒಂದೇ ಒಂದು ಸೆಲ್ಲನ್ನು ಕಾಯಿಸಿದ. ಪರದೆಯ ಮೇಲೆ ಅದರ ಬಿಸಿ ಏರುತ್ತಾ ಹೋಯಿತು. ನೂರು ಡಿಗ್ರಿ... ಇನ್ನೂರು... ಥಟ್ಟನೆ ಬಿಳಿ ಹೊಗೆ, ಅದರ ಹಿಂದೆಯೇ ಕಿತ್ತಳೆ ಬೆಂಕಿ, ಗಾಜು ನಡುಗುವಂಥ ಭೋರ್ಗರೆತ! ಅಂಕಿ ಆರುನೂರು ದಾಟಿತು. ಯಾರದೋ ಕೈ ಇನ್ಯಾರದೋ ತೋಳನ್ನು ಹಿಡಿಯಿತು.

“ಈಗ ಪಕ್ಕದ ಸೆಲ್ ನೋಡಿ” ಎಂದ ಅವನು, ಮೆಲ್ಲಗೆ.

ಎರಡನ್ನೂ ಬೇರ್ಪಡಿಸಿದ್ದು ಉಗುರಿನಷ್ಟು ತೆಳುವಾದ ಒಂದು ಬೂದು ತಡೆಹಾಳೆ. ಅದರ ಈಚೆ ಬೆಂಕಿ. ಆಚೆಯ ಸೆಲ್ಲಿನ ಅಂಕಿ ನಲವತ್ತು, ಐವತ್ತು, ಅರವತ್ತೆರಡು... ಅಲ್ಲೇ ನಿಂತಿತು. ಮತ್ತೆ ಇಳಿಯತೊಡಗಿತು. ಬೆಂಕಿ ತನ್ನಷ್ಟಕ್ಕೆ ಉರಿದು, ದಾರಿ ಸಿಗದೆ, ತಣ್ಣಗಾಯಿತು.

ಮೇಷ್ಟ್ರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಪ್ರಶ್ನೆ ಬರೆದುಕೊಂಡು ಬಂದವರೆಲ್ಲ ಚೀಟಿ ಜೇಬಿಗಿಳಿಸಿದರು. ಇಷ್ಟು ತೆಳುವಾದದ್ದು ಅಷ್ಟು ದೊಡ್ಡದನ್ನು ತಡೆಯಬಲ್ಲದೇ...

ಕೊನೆಗೆ ಅವನು ಮೇಜಿನ ಮೇಲಿದ್ದ ಇನ್ನೊಂದು ಬ್ಯಾಟರಿಯ ತುಂಡು ತೋರಿಸಿದ. ಇತ್ತೀಚೆಗೆ ಒಂದು ಕಾರಿನಿಂದ ತೆಗೆದದ್ದು. ಸಾಲಿನಲ್ಲಿ ಒಂದು ಸೆಲ್ ಉಬ್ಬಿ ಪಕ್ಕದವನ್ನು ತಳ್ಳುತ್ತಿತ್ತು. ಅದು ಇನ್ನೂ ಸಾವಿರ ಸಲ ಚಾರ್ಜ್ ಆಗುತ್ತಿತ್ತೋ, ಮರುದಿನವೇ ಹೊತ್ತಿಕೊಳ್ಳುತ್ತಿತ್ತೋ, ಯಾರಿಗೂ ಹೇಳಲಾಗದು ಎಂದ. ಕಾರಿನ ನಂಬರ್ ಕಾಣದಂತೆ ಅವನು ಅಂಟಿಸಿದ್ದ ಕಾಗದ ಒಂದು ಮೂಲೆಯಲ್ಲಿ ಮೇಲೆದ್ದಿತ್ತು.

ಸಣ್ಣ ಅಕ್ಷರ ಓದುವುದೇ ಅವಳ ಕಸುಬು. ಕೊನೆಯ ನಾಲ್ಕು ಅಂಕಿ ಓದಿದಳು. ಅದು ಅವಳ ಕಾರು.

ಅಪ್ಪ ಕಣ್ಣು ಮುಚ್ಚಿ ಕೂತಿದ್ದ ಜಾಗದ ಕೆಳಗೆ... ತಾನು ದಿನಾ ಬೆಳಿಗ್ಗೆ ಅಳುತ್ತಿದ್ದ ಜಾಗದ ಕೆಳಗೆ...

ಜನ ಚದುರುವವರೆಗೆ ಕಾದು ಅವನ ಬಳಿ ಹೋದಳು.

“ಇದು ನನ್ನ ಕಾರಿಂದು ಅಂತ ಅವತ್ತೇ ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ರೆ ನಾನು ಬಾಯಿ ಮುಚ್ಚಿಕೊಳ್ತಿದ್ದೆ.”

“ನೀವು ಹೊರಟೇ ಬಿಟ್ರಿ. ನಿಂತಿದ್ರೂ ಹೇಳ್ತಿರಲಿಲ್ಲ” ಎಂದ ಅವನು. “ಅವತ್ತು ನೀವು ಕೇಳಿದ್ದು ಬ್ಯಾಟರಿ ಬಗ್ಗೆ ಅಲ್ಲ. ಅಪ್ಪನ ಬಗ್ಗೆ.”

ಅವಳ ಕಣ್ಣು ತುಂಬಿತು. ಎರಡನೇ ಬಟನ್ನಿನ ಕಥೆಯನ್ನು ಅವಳು ಯಾರಿಗಾದರೂ ಹೇಳಿದ್ದು ಅದೇ ಮೊದಲು. ಅವನು ನಡುವೆ ಬಾಯಿ ಹಾಕದೆ ಕೇಳಿದ. ಆಮೇಲೆ ಫೋನ್ ತೆಗೆದು, ಇದನ್ನು ತೋರಿಸಲಿಕ್ಕೇ ಮೂರು ಸಲ ಕರೆ ಮಾಡಿದ್ದೆ ಎಂದು ಒಂದು ಫೋಟೋ ಮುಂದೆ ಹಿಡಿದ.

ಯಾವ ಕಾರನ್ನು ಬಿಚ್ಚುವ ಮೊದಲೂ ಪ್ರತಿಯೊಂದು ಮೂಲೆಯ ಫೋಟೋ ತೆಗೆಯುವುದು ಅವನ ಪದ್ಧತಿ. ಜೊತೆಯವರು ಅದಕ್ಕೆ ಅವನನ್ನು ‘ಮದುವೆ ಫೋಟೋಗ್ರಾಫರ್’ ಎಂದು ಕಾಡುತ್ತಿದ್ದರು. ಬ್ಯಾಟರಿಯ ಮುಚ್ಚಳ ತೆಗೆಯಲು ಸೀಟು ಎತ್ತಬೇಕು. ಸೀಟು ಜಾರುವ ಕಬ್ಬಿಣದ ಹಳಿಯೂ ಆ ಫೋಟೋಗಳಲ್ಲಿತ್ತು.

“ಹಳಿಗೆ ಗ್ರೀಸ್ ಹಚ್ಚಿರ್ತಾರೆ. ಸೀಟು ಎಲ್ಲಿ ನಿಲ್ಲುತ್ತೋ ಅಲ್ಲಿ ಅದು ಚೂರು ಮುದ್ದೆಯಾಗಿ ನಿಲ್ಲುತ್ತೆ. ಒಂದೆರಡು ಸಲ ನಿಂತ್ರೆ ಗೊತ್ತಾಗಲ್ಲ. ಇಲ್ಲಿ ನೋಡಿ... ಎರಡೇ ಗೆರೆ. ಮುಂದಿನದು ನಿಮ್ಮದು. ಹಿಂದಿನದು ನಿಮ್ಮ ಅಪ್ಪಂದು. ನೀವು ದಿನಾ ಒತ್ತಿದ್ದಕ್ಕೇ ಅದು ಉಳಿದಿದೆ.”

ಅವಳು ಆ ಚಿತ್ರವನ್ನೇ ನೋಡುತ್ತಾ ನಿಂತಳು. ಯಾರಿಗೂ ಗೊತ್ತಿಲ್ಲದ ತನ್ನ ಎಂಟು ತಿಂಗಳ ದುಃಖಕ್ಕೆ ಒಂದು ಗೆರೆ ಇತ್ತು. ಅದನ್ನು ಒಬ್ಬ ಮನುಷ್ಯ ಬಗ್ಗಿ, ಕಣ್ಣಿಟ್ಟು, ಅಳೆದಿದ್ದ.

ಅಂದು ಮಧ್ಯಾಹ್ನವೇ ಇಬ್ಬರೂ ಅವಳ ಅಂಗಡಿಯ ಮುಂದೆ ಕಾರು ನಿಲ್ಲಿಸಿಕೊಂಡು ಕೂತರು. ಗ್ರೀಸಿನ ಗೆರೆಯಿಂದ ಸೀಟಿನ ಜಾಗ ಸಿಕ್ಕಿತು. ಎತ್ತರದ ತಕರಾರೇ ಇರಲಿಲ್ಲ, ತಲೆ ಚಾವಣಿಗೆ ತಾಗುತ್ತದೆಂದು ಅಪ್ಪ ಯಾವಾಗಲೂ ತೀರಾ ಕೆಳಗಿಳಿಸುತ್ತಿದ್ದರು. ಉಳಿದದ್ದು ಕನ್ನಡಿ. ಅದರ ಗುರುತು ಯಾವ ಹಳಿಯ ಮೇಲೂ ಇರಲಿಲ್ಲ.

ಈ ಸಲ ದಾರಿ ಸಿಕ್ಕಿದ್ದು ಅವಳಿಗೆ. ಅಪ್ಪನ ಡ್ರೈವಿಂಗ್ ಕನ್ನಡಕ ಮಾಡಿದ್ದವಳು ಅವಳೇ. ಅಂಗಡಿಯ ಕಾರ್ಡಿನಲ್ಲಿ, ಕೂತ ಜಾಗದಿಂದ ಕಣ್ಣಿನವರೆಗಿನ ಅಳತೆ ಅವಳದೇ ಅಕ್ಷರದಲ್ಲಿತ್ತು. ಎಂಬತ್ತಾರು ಸೆಂಟಿಮೀಟರ್.

ಸೀಟಿನ ತಲೆದಿಂಬು ಕಳಚಿದರು. ಅವನು ಪಕ್ಕದಲ್ಲಿ ಕೂತು, ಅಳತೆಪಟ್ಟಿ ನಿಲ್ಲಿಸಿ, ಅಪ್ಪನ ಕನ್ನಡಕವನ್ನು ಸರಿಯಾಗಿ ಎಂಬತ್ತಾರಕ್ಕೆ ಎತ್ತಿ ಹಿಡಿದ. ಅವಳು ಹಿಂದಿನ ಸೀಟಿನಲ್ಲಿ ಮೊಣಕಾಲೂರಿ, ಆ ಗಾಜುಗಳ ಹಿಂದೆ ಕಣ್ಣಿಟ್ಟಳು. ಅವನ ಇನ್ನೊಂದು ಕೈ ಕನ್ನಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿತ್ತು.

“ಇನ್ನೂ ಮೇಲೆ... ಚೂರು ಎಡಕ್ಕೆ... ಹಾಂ.”

ಕನ್ನಡಿಯಲ್ಲಿ ಹಿಂದಿನ ಗಾಜು ತುಂಬಿಕೊಂಡಿತು. ಅದರಾಚೆ ಬೀದಿ, ಬೀದಿಯ ಕೊನೆಯವರೆಗೂ. ಅಪ್ಪ ಕಂಡಿದ್ದ ಬೀದಿ. ಅವಳು ಉಸಿರು ಬಿಡಲೂ ಹೆದರಿದಳು. ಅವನ ತೋಳು ಸೋತಿತ್ತು. ಆದರೂ ಕನ್ನಡಕ ಹಿಡಿದ ಬೆರಳುಗಳು ಒಂದಿಷ್ಟೂ ಅಲ್ಲಾಡಲಿಲ್ಲ.

ಅಳತೆಯನ್ನು ಎರಡನೇ ಬಟನ್ನಿಗೆ ಸೇರಿಸಿ, ಸೀಟನ್ನು ಅವಳ ಜಾಗಕ್ಕೆ ತಂದು ಅವನು ಕೆಳಗಿಳಿದ. ಅವಳು ಕೂತು, ಎರಡನೆಯದನ್ನು ಒತ್ತಿದಳು. ಸೀಟು ಗುಂಯ್‌ಗುಡುತ್ತಾ ಹಿಂದೆ ಹೋಯಿತು, ಇಳಿಯಿತು. ಕನ್ನಡಿ ಮೇಲಕ್ಕೆ ಓರೆಯಾಯಿತು. ಪಾದ ಬ್ರೇಕಿನಿಂದ ದೂರವಾಯಿತು.

ಅಪ್ಪಾ...

ಅವಳು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವನು ಬೆನ್ನು ತಿರುಗಿಸಿ, ಬೀದಿಯಲ್ಲಿ ಹೋಗುವವರಿಗೆ ಅವಳು ಕಾಣದಂತೆ ಬಾಗಿಲಿಗೆ ಅಡ್ಡ ನಿಂತ.

ಎಷ್ಟೋ ಹೊತ್ತಿನ ಮೇಲೆ ಅವಳು ಫೋನ್ ತೆಗೆದು ಗುಂಪಿನಲ್ಲಿ ಬರೆದಳು. ತಪ್ಪು ನನ್ನದು, ಹಾಳೆ ಓದದೇ ಸಹಿ ಹಾಕಿದ್ದು ನಾನು, ಉಬ್ಬಿದ ಆ ಸೆಲ್ ನನ್ನ ಕಾರಿನದು, ಅದನ್ನು ಹುಡುಕಿ ತೆಗೆದದ್ದು ನಾನು ಬೈದ ಅದೇ ಮನುಷ್ಯ. ಕಳಿಸುವ ಮೊದಲು ಅವನಿಗೆ ಓದಿ ಹೇಳಿದಳು. ಇಷ್ಟೆಲ್ಲ ಬೇಡ ಎಂದು ಅವನು ಅಂದ. ಅವಳು ಕಳಿಸಿಯೇ ಬಿಟ್ಟಳು. ಮೇಷ್ಟ್ರ ಉತ್ತರ ನಿಮಿಷದಲ್ಲಿ ಬಂತು: ನನ್ನ ಕಾರನ್ನು ಅವನೇ ಮುಟ್ಟಬೇಕು, ಇಲ್ಲದಿದ್ದರೆ ಕೊಡುವುದಿಲ್ಲ.

ಅವನು ಅಳತೆಪಟ್ಟಿ ಸುತ್ತಿ ಜೇಬಿಗಿಟ್ಟುಕೊಂಡ. ಹೊರಡಬೇಕಿತ್ತು. ಹೊರಡಲಿಲ್ಲ.

“ಕಂಪನಿಯ ಕೆಲಸದ ಪಟ್ಟಿಯಲ್ಲಿ ಇದೆಲ್ಲ ಇಲ್ಲ ಅಲ್ವಾ?” ಅವಳು ಕೇಳಿದಳು. “ಫೋಟೋ ಹುಡುಕಿದ್ದು, ಗೆರೆ ಅಳೆದಿದ್ದು... ನಾನು ಅಷ್ಟು ಬೈದ ಮೇಲೂ. ಯಾಕೆ ಮಾಡಿದ್ರಿ?”

ಬೆಂಕಿಯೆದುರು ಒಂದಿಷ್ಟೂ ಅಳುಕದೆ ಮಾತಾಡಿದ್ದವನು ಈಗ ಪದಕ್ಕೆ ತಡಕಾಡಿದ.

“ಅಷ್ಟು ಜನರ ಮುಂದೆ, ನನ್ನ ಅಪ್ಪ ಎಲ್ಲಿ ಅಂತ ಕೇಳೋರನ್ನ ನಾನು ನೋಡೇ ಇರಲಿಲ್ಲ. ಅಷ್ಟು ಪ್ರೀತಿ ಒಬ್ಬರೊಳಗೆ ಇರುತ್ತಾ ಅನ್ನಿಸ್ತು. ಅವತ್ತಿಂದ ಏನು ನೋಡಿದ್ರೂ ನೀವೇ ಕಾಣ್ತೀರಿ.”

ಅವಳು ಕೆಂಪಗಾಗಿದ್ದ ಕಣ್ಣನ್ನು ಅಂಗೈಯಿಂದ ಒರೆಸಿಕೊಂಡು ಅವನನ್ನೇ ನೋಡಿದಳು.

“ಅದಕ್ಕೆ ನನ್ನ ಅಂಗಡಿಯಲ್ಲಿ ಕನ್ನಡಕ ಇಲ್ಲ” ಎಂದಳು.

“ಬೇಡ” ಎಂದ ಅವನು. “ಹೀಗೇ ಇರಲಿ.”

ಅವಳು ಕೈ ಚಾಚಿ ಪಕ್ಕದ ಬಾಗಿಲು ತೆರೆದಳು. ಅವನು ಸುತ್ತಿ ಬಂದು ಕೂತ.