ಮೂರನೆಯ ಉದಾಹರಣೆ

"ಈ ವಾಕ್ಯ ಸತ್ತಿದೆ ಕಣ್ರೀ!"

ಅವಳು ಬೆಚ್ಚಿ ತಲೆಯೆತ್ತಿದಳು. ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯಲ್ಲಿ ಅವಳಿಗದು ಮೊದಲ ವಾರ. ಎದುರಿಗೆ ನಿಂತಿದ್ದವನು ಪರಿಶೀಲಕ. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು 'ಕೆಂಪು ಪೆನ್ನು' ಎಂದೇ. ಅವನ ಕೈಯಲ್ಲಿ ಅವಳು ಉದಾಹರಣೆ ವಾಕ್ಯ ಬರೆದ ಕಾರ್ಡು... 'ವೇಟ್' ಎಂಬ ಇಂಗ್ಲಿಷ್ ಕ್ರಿಯಾಪದದ್ದು.

"'ನಾನು ಬಸ್ಸಿಗೆ ಕಾಯುತ್ತಿದ್ದೇನೆ.' ಬಸ್ಸು ಬರದಿದ್ರೆ ಯಾರ ಗಂಟೇನು ಹೋಗುತ್ತೆ?"

"ಅರ್ಥ ಸರಿಯಾಗಿದೆಯಲ್ಲ ಸರ್..."

"ಅರ್ಥ ಇದೆ, ಜೀವ ಇಲ್ಲ. ಈ ಪದ ಹಳೇ ಫ್ರೆಂಚಿನಿಂದ ಬಂದಾಗ ಸುಮ್ಮನೆ ನಿಲ್ಲೋದು ಅಂತ ಅರ್ಥ ಇರಲಿಲ್ಲ. ಕಣ್ಣಿಟ್ಟು ನೋಡೋದು, ಕಾವಲಿರೋದು. ಎಚ್ಚರ ಅನ್ನೋ 'ವೇಕ್'ಗೆ ಇದು ದಾಯಾದಿ. ನಮ್ಮ 'ಕಾಯು' ನೋಡಿ, ಅದರಲ್ಲೂ ಕಾವಲಿದೆ!"

ಅವನ ಧ್ವನಿ ತುಸು ಮೆತ್ತಗಾಯಿತು. "'ಸ್ವಲ್ಪ ತಾಳಿ' ಅನ್ನೋ ಉದಾಹರಣೆ ಇರಲಿ. 'ವೇಟ್ ಆನ್', ಊಟ ಬಡಿಸಿ ಉಪಚರಿಸೋದು, ಅದೂ ಇರಲಿ. ಆದ್ರೆ ಮೂರನೇದು, 'ವೇಟ್ ಫಾರ್'... ಒಬ್ಬರಿಗಾಗಿ ಕಾಯೋದು. ಅದನ್ನ ನಿಧಾನಕ್ಕೆ ಬರೀರಿ. ಡಬ್ಲ್ಯೂ ಅಕ್ಷರ ಅಚ್ಚಿಗೆ ಹೋಗೋದು ಕೊನೇಲಿ."

ಆ ನಿಧಾನ ಒಂದು ವರ್ಷವಾಯಿತು!

ಎದುರುಬದುರು ಮೇಜು. ಕಾರ್ಡಿನ ಹಿಂಬದಿಯಲ್ಲಿ ಅವನ ಕೆಂಪು ಟಿಪ್ಪಣಿಗಳು. ಬೈಗುಳ, ಆಗಾಗ ಒಂದು 'ಭೇಷ್'. ಅದನ್ನವಳು ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಅವನನ್ನು ಪಕ್ಕದ ಊರಿನ ಮುದ್ರಣಾಲಯಕ್ಕೆ ಕಳಿಸಿದರು. ಹೊರಡುವ ಹಿಂದಿನ ದಿನ ಅವಳು ಮೂರನೆಯ ಉದಾಹರಣೆ ಬರೆದು, ಎದೆ ಗಟ್ಟಿಮಾಡಿಕೊಂಡು ಅವನ ಮೇಜಿನ ಮೇಲಿನ ಕಾರ್ಡುಗಳ ತಟ್ಟೆಯಲ್ಲಿಟ್ಟಳು.

'ಅವನು ತಲೆಯೆತ್ತಿ ನೋಡಲೆಂದು ಅವಳು ದಿನವೂ ಕಾಯುತ್ತಾಳೆ.'

ಮರುದಿನ ಕಾರ್ಡು ಅವಳ ಮೇಜಿಗೆ ಬಂದಿತ್ತು. ವಾಕ್ಯದ ಮೇಲೆ ಉದ್ದಕ್ಕೆ ಕೆಂಪು ಗೀಟು. ಅವನು ಹೋಗಿಯಾಗಿತ್ತು.

ಮುಖಕ್ಕೆ ಹೊಡೆದಂತಾಯಿತು. ಕಾರ್ಡನ್ನು ರದ್ದಾದವುಗಳ ಪೆಟ್ಟಿಗೆಗೆ ತುರುಕಿದಳು. ಎಂಟು ತಿಂಗಳು ಅವನ ಹೆಸರೆತ್ತಲಿಲ್ಲ. ಆದರೂ ಬಾಗಿಲು ಕಿರುಗುಟ್ಟಿದಾಗಲೆಲ್ಲ ಕಣ್ಣು ತಾನಾಗಿ ಅತ್ತ ಹೋಗುತ್ತಿತ್ತು...

"ಇವಳು ನಿಘಂಟನ್ನೇ ಮದುವೆ ಆಗ್ತಾಳೆ ಬಿಡಿ," ಎನ್ನುತ್ತಿದ್ದಳು ಮನೆಯಲ್ಲಿ ಅತ್ತಿಗೆ. "ಜಗಳ ಆದ್ರೂ ಮಾತಿಗೆ ಕೊರತೆ ಇರಲ್ಲ!"

ಒಂದು ಬೆಳಿಗ್ಗೆ ಹಿರಿಯ ಸಂಪಾದಕರು ಮುದ್ರಣಾಲಯದಿಂದ ಬಂದ ಕರಡು ಪುಟ ಹಿಡಿದು ಬಂದರು.

"ಏನಮ್ಮಾ ಇದು? 'ವೇಟ್' ಕೆಳಗೆ ಒಂದು ಸಾಲಿನ ಜಾಗ ಖಾಲಿ! ನಿಮ್ಮಿಂದ ಹೊಸ ಕಾರ್ಡ್ ಬರಬೇಕಂತೆ. ನಾಳೆ ಪುಟ ಯಂತ್ರಕ್ಕೆ ಹೋಗುತ್ತೆ. ಆಮೇಲೆ ಆ ಕೆಂಪು ಪೆನ್ನು ಮಹಾರಾಯ ಸಿಗಲ್ಲ, ದೂರದ ಊರಲ್ಲಿ ಕೆಲಸ ಹಿಡಿದಿದ್ದಾನೆ."

ಹೊಸ ಕಾರ್ಡೇ? ಯಾವಾಗ ಕೇಳಿದ್ದ?

ಅವಳು ಪೆಟ್ಟಿಗೆ ಕೆದಕಿದಳು. ಸಿಕ್ಕಿತು. ಅದನ್ನು ಮಗುಚಿ ಹಾಕಿದಳು. ಅವನ ನೂರು ಟಿಪ್ಪಣಿಗಳನ್ನು ಓದಿದವಳು ಅವತ್ತು ಇದೊಂದನ್ನು ತಿರುಗಿಸಿ ನೋಡಿರಲಿಲ್ಲ!

'ಇದನ್ನು ಊರಿಗೆಲ್ಲ ಹಂಚಲಾರೆ. ನನಗೊಬ್ಬನಿಗೇ ಬರೆದಿದ್ದರೆ ಇನ್ನೊಂದು ಕಾರ್ಡು ಕಳಿಸಿ. ಅಲ್ಲಿಯವರೆಗೆ ಈ ಜಾಗ ತುಂಬುವುದಿಲ್ಲ.'

ಎಂಟು ತಿಂಗಳು... ಅವನೂ!

ಅವಳು ಚಪ್ಪಲಿ ಮೆಟ್ಟಿದ್ದೊಂದೇ ನೆನಪು. ಬಸ್ಸಿನಲ್ಲಿ ಖಾಲಿ ಕಾರ್ಡನ್ನು ಮಂಡಿಯ ಮೇಲಿಟ್ಟುಕೊಂಡು ಬರೆದಳು. ಅಕ್ಷರಗಳೆಲ್ಲ ಕುಣಿದವು.

ಮುದ್ರಣಾಲಯದಲ್ಲಿ ಯಂತ್ರಗಳ ಗದ್ದಲ, ಶಾಯಿಯ ಘಾಟು. ಅವನು ಕರಡಿನ ಮೇಲೆ ಬಾಗಿ ಕುಳಿತಿದ್ದ. ಸೊರಗಿದ್ದ.

ಅವಳು ಕಾರ್ಡನ್ನು ಅವನ ಮುಂದಿಟ್ಟಳು.

'ಅವನೂ ಕಾಯುತ್ತಿದ್ದಾನೆಂದು ತಿಳಿದಿದ್ದರೆ ಅವಳು ಎಂದೋ ಬರುತ್ತಿದ್ದಳು.'

ಅವನು ತಲೆಯೆತ್ತಿದ. ಬಹಳ ಹೊತ್ತು ನೋಡಿದ.

"ಇಷ್ಟು ತಡ ಮಾಡೋದಾ?"

"ಹಿಂದೆ ತಿರುಗಿಸಿ ನೋಡಿರಲಿಲ್ಲ..." ಅವಳ ಕಣ್ಣು ತುಂಬಿತು. "ಗೀಟು ಕಂಡು ನೀವು ಬೇಡ ಅಂದ್ರಿ ಅಂದ್ಕೊಂಡೆ."

"ನೀವು ಕಳಿಸಲಿಲ್ಲ. ನಾನೂ ಹಾಗೇ ಅಂದ್ಕೊಂಡೆ."

"ಮತ್ತೆ ಜಾಗ ಯಾಕೆ ಬಿಟ್ರಿ?"

"ತುಂಬೋಕೆ ಕೈ ಬರಲಿಲ್ಲ." ಅವನು ಕಾರ್ಡನ್ನು ಅಂಗಿಯ ಜೇಬಿಗಿಳಿಸಿದ. "ದೂರದ ಕೆಲಸಕ್ಕೆ ಇವತ್ತೇ ಬೇಡ ಅಂತ ಬರೀತೀನಿ. ಆದ್ರೆ ಈಗ ಪುಟಕ್ಕೇನು ಹಾಕ್ಲಿ?"

ಅವಳು ಕಣ್ಣೊರೆಸಿಕೊಂಡು, ಮೊದಲ ಬಾರಿ ಅವನೆದುರು ಬಾಯ್ತುಂಬ ನಕ್ಕಳು.

"'ನಾನು ಬಸ್ಸಿಗೆ ಕಾಯುತ್ತಿದ್ದೇನೆ' ಅಂತ ಹಾಕಿ."

"ಅದು ಸತ್ತ ವಾಕ್ಯ ಕಣ್ರೀ!"

"ಇರಲಿ ಬಿಡಿ... ಜೀವ ಇರೋದು ನಿಮ್ಮ ಜೇಬಲ್ಲಿದೆಯಲ್ಲ."