ಮಾನವ್ವನ ದನಿ ಎಲ್ಲಿ ಹೋಯಿತು?

ದಿಲಾವರ ಕೀಬೋರ್ಡಿನ ಒಂದು ಬಿಳಿ ಕೀ ಒತ್ತಿದ. ಸದ್ದಿಲ್ಲ. ಮತ್ತೊಮ್ಮೆ ಒತ್ತಿದ. ಸದ್ದಿಲ್ಲ.

"ಮಾನವ್ವನ ದನಿ ಹೋತು ಚಾಚಾ. ಯಾರೋ ಅಳಿಸ್ಯಾರ!"

2003ರ ಬೇಸಿಗೆ. ನರಗುಂದದ ಗುಡ್ಡದ ಕೆಳಗೆ ದಿಲಾವರನ ಆರ್ಕೆಸ್ಟ್ರಾದ ತಾಲೀಮು ಕೋಣೆ. ರೇಡಿಯೋ ರಿಪೇರಿಯ ಫಕೀರಸಾಬ ಕನ್ನಡಕ ಏರಿಸಿಕೊಂಡು ಕೂತ. ಹೆಂಡತಿ ತೀರಿದ ಮೇಲೆ ಅವನನ್ನು ಯಾರಾದರೂ ಕರೆಯುತ್ತಿದ್ದುದು ಏನಾದರೂ ಕೆಟ್ಟಾಗ ಮಾತ್ರ.

ಮಾನವ್ವ ಈ ತಂಡದ ಗಾಯಕಿ. ಹೋದ ವರ್ಷ ಜ್ವರದಲ್ಲಿ ತೀರಿಕೊಂಡಿದ್ದಳು. ಅವಳು ಬದುಕಿದ್ದಾಗಲೇ ದಿಲಾವರ ಅವಳದೊಂದು ಆಲಾಪವನ್ನು ಕೀಬೋರ್ಡಿಗೆ ತುಂಬಿಕೊಂಡು, ಪ್ರತಿಧ್ವನಿ ಸೇರಿಸಿ ತಿದ್ದಿದ್ದ; ಕೀ ಒತ್ತಿದರೆ ಅವಳ ದನಿ ನುಡಿಯುತ್ತಿತ್ತು. ಈಗ ಜನ ಮದುವೆಗೆ ಈ ತಂಡವನ್ನು ಕರೆಸುತ್ತಿದ್ದುದೇ ಆ ದನಿಗಾಗಿ.

"ಅಮರೇಶಂದ ಕೆಲಸ. ನಿನ್ನೆ ರೋಣದಿಂದ ಬಂದು ಇಲ್ಲಿ ಒಬ್ಬನ ಕುಂತಿದ್ದ. ಅವನೂ ಕೀಬೋರ್ಡ್ ನುಡಸಾಂವ. ಠಾಣೇಕ್ಕ ಹೋಗ್ತೀನಿ," ಎಂದ ದಿಲಾವರ.

ಮೂಲೆಯಲ್ಲಿ ವೈರು ಸುತ್ತುತ್ತಿದ್ದ ಪರಶಪ್ಪ ತಲೆ ಎತ್ತಲಿಲ್ಲ. ತಂಡದ ಮೈಕು, ಸ್ಪೀಕರುಗಳ ಕೆಲಸ ಅವನದು. ಮಾನವ್ವ ಅವನ ಹೆಂಡತಿ.

"ಅಮರೇಶನ್ನ ಬಿಡ್ರಿ. ದನಿ ಎಲ್ಲೂ ಹೋಗಿಲ್ಲ," ಎಂದ.

ಕರೆಂಟಿನ ಕಾಟವಿರಬಹುದು ಎಂದು ಫಕೀರಸಾಬನ ಮೊದಲ ಊಹೆ. ಆದರೆ ತಬಲಾ, ಕೊಳಲು, ಪಿಟೀಲು ಎಲ್ಲ ಸರಿಯಾಗಿ ನುಡಿದವು.

* * *

ಫಕೀರಸಾಬ ಫೋನು ಮಾಡಿಸಿದ ಎರಡು ತಾಸಿಗೆ ರೋಣದಿಂದ ಅಮರೇಶ ಬಂದ.

"ಆ ದನಿ ನನಗೂ ಕೊಡು ಅಂತ ಕೇಳಾಕ ಬಂದಿದ್ದೆ ಚಾಚಾ. ಇಂವ ಕೊಡಲಿಲ್ಲ. ಬೇಕು ಅಂತಿದ್ದಾಂವ ಅಳಸ್ತೀನೇನ್ರಿ?"

ಮಾತು ಖರೆ ಅನ್ನಿಸಿತು. ಫಕೀರಸಾಬ ಕೀ ಒತ್ತಿ ಹಿಡಿದು ಪುಟ್ಟ ಪರದೆ ನೋಡಿದ. ಸದ್ದಿನ ಮಟ್ಟ ತೋರಿಸುವ ಗೆರೆಗಳು ಏಳುತ್ತಿದ್ದವು!

"ದನಿ ಒಳಗ ಹುಟ್ಟಾಕತ್ತೈತಿ. ಹೊರಗ ಬರೋ ದಾರಿ ತಪ್ಪೇತಿ."

ಗುಂಡಿ ಒತ್ತುತ್ತಾ ಆ ದನಿಯ ದಾರಿ ಹಿಡಿದು ಹೋದ. ಮಿಕ್ಕ ದನಿಗಳೆಲ್ಲ ಸ್ಪೀಕರಿನ ವೈರು ಚುಚ್ಚಿದ ಜ್ಯಾಕಿಗೆ ಸೇರುತ್ತಿದ್ದವು. ಇದೊಂದನ್ನು ಮಾತ್ರ ಮೂರನೆಯ ಜ್ಯಾಕಿಗೆ ತಿರುಗಿಸಲಾಗಿತ್ತು. ಅದಕ್ಕೆ ವೈರೇ ಇರಲಿಲ್ಲ.

ವೈರು ಚುಚ್ಚಿದ. ದನಿ ಬಂತು. ಆ ದಾರಿಯಲ್ಲಿ ಪ್ರತಿಧ್ವನಿ ಸೇರುವುದಿಲ್ಲ. ಒಲೆ ಮುಂದೆ ಕೂತು ತನ್ನಷ್ಟಕ್ಕೆ ಹಾಡಿಕೊಂಡಂಥ ಬರಿ ದನಿ.

ಪರಶಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

* * *

ಫಕೀರಸಾಬ ಅವನ ಪಕ್ಕ ಕೂತ.

"ಹಾಳು ಮಾಡಾಂವ ಅಳಿಸಿಬಿಡತಿದ್ದ. ಇದನ್ನ ಮಾಡಿದಾಂವ ಜ್ವಾಪಾನ ಮಾಡಿ ಇಟ್ಟಾನ. ನಾವೆಲ್ಲ ಅಳಿಸೇತಿ ಅಂದ್ರ ನೀ ಒಬ್ಬನ 'ದನಿ ಎಲ್ಲೂ ಹೋಗಿಲ್ಲ' ಅಂದಿ. ಯಾವ ಜ್ಯಾಕಿಗೆ ವೈರ್ ಇಲ್ಲ ಅನ್ನೂದು ದಿನಾ ವೈರ್ ಹಚ್ಚಾವಗ ಗೊತ್ತು. ದಿಲಾವರ ತಿದ್ದುವಾಗ ಬಾಜೂಕ ಕುಂತು ನೋಡಿದಾಂವ ನೀನ. ಯಾಕೋ ಪರಶಪ್ಪಾ?"

"ವಾರಕ್ಕ ಎರಡು ಲಗ್ನ ಸಾಬ್ರ. ಆಕಿ ಹಾಡತಾಳ. ನಾ ತಿರುಗಿ ನೋಡತೀನಿ, ಯಾರೂ ಇರೂದಿಲ್ಲ. ಅಳಿಸಾಕ ಕೈ ಇಟ್ಟೆ. ಆಗಲಿಲ್ಲ."

"ನನಗ ಒಂದ್ ಮಾತು ಹೇಳಬಾರದಾ?" ಎಂದ ದಿಲಾವರ.

"ನಿಮ್ಮ ಹೊಟ್ಟಿಪಾಡು ಅದರಾಗ ಐತಿ. ಹ್ಯಾಂಗ ಹೇಳ್ಲಿ?"

ದಿಲಾವರ ಅಮರೇಶನ ಕೈ ಹಿಡಿದು ತಪ್ಪಾಯಿತೆಂದ. ಆಮೇಲೆ ದನಿಯನ್ನು ಒಂದು ಫ್ಲಾಪಿ ಡಿಸ್ಕಿಗೆ ಇಳಿಸಿ, ಕೀಬೋರ್ಡಿನಿಂದ ತಾನೇ ಅಳಿಸಿದ. ಫ್ಲಾಪಿಯನ್ನು ಪರಶಪ್ಪನ ಅಂಗೈಯಲ್ಲಿಟ್ಟ.

"ಇದನ್ನ ಕೇಳೋ ಯಂತ್ರ ನನ್ನ ಮನಿಯಾಗ ಇಲ್ಲ," ಎಂದ ಪರಶಪ್ಪ.

"ನನ್ನ ಅಂಗಡ್ಯಾಗ ಫ್ಲಾಪಿ ಹಾಕೂ ಹಳೇ ಕೀಬೋರ್ಡ್ ಒಂದೈತಿ. ಬಾ," ಎಂದ ಫಕೀರಸಾಬ. "ನಾನೂ ಒಬ್ಬನ ಇರತೀನಿ."

"ಬರ್ತೀನ್ರಿ. ಇವತ್ತ ಬ್ಯಾಡ."

ಪರಶಪ್ಪ ಫ್ಲಾಪಿಯನ್ನು ಅಂಗಿಯ ಕಿಸೆಗೆ ಇಳಿಸಿ, ಸ್ಪೀಕರು ಹೊತ್ತು ಹೊರಗೆ ನಡೆದ. ಕೊಣ್ಣೂರಿನ ಮದುವೆಗೆ ಟೆಂಪೋ ಬಂದು ನಿಂತಿತ್ತು.